ಈಜಿಪ್ಟಿನ ಕಾಪ್ಟರು: ಹಕ್ಕು ಮತ್ತು ಸಹಬಾಳ್ವೆಯ ಇತಿಹಾಸ

ಅರಬ್ ಜಗತ್ತಿನ ಅತಿ ದೊಡ್ಡ ಕ್ರೈಸ್ತ ಸಮುದಾಯ ಈಜಿಪ್ಟಿನ ಕಾಪ್ಟರದು. ದೇಶದ ಜನಸಂಖ್ಯೆಯಲ್ಲಿ ಅವರು ಸುಮಾರು ಶೇ. 10ರಷ್ಟಿದ್ದಾರೆಂಬುದು ಸಾಮಾನ್ಯ ಅಂದಾಜು. ಏಳನೆಯ ಶತಮಾನದಲ್ಲಿ ಅರಬರ ಆಳ್ವಿಕೆ ಬಂದ ಮೇಲೆ ಮುಸ್ಲಿಮೇತರರ ಮೇಲಿನ ಜಿಜಿಯಾ ತಲೆಗಂದಾಯ ತೆತ್ತು, ಅದಕ್ಕೆ ಬದಲಾಗಿ ರಕ್ಷಣೆ ಪಡೆದು ತಮ್ಮ ಧರ್ಮವನ್ನು ಉಳಿಸಿಕೊಂಡರು. ಆ ರಕ್ಷಣೆ ಆಳುವವರ ಮರ್ಜಿಗೆ ಬಿಟ್ಟದ್ದಾಗಿತ್ತು. 1855ರಲ್ಲಿ ಈಜಿಪ್ಟನ್ನು ಆಳುತ್ತಿದ್ದ ಸಯೀದ್ ಪಾಷಾ ಈ ತೆರಿಗೆಯನ್ನು ರದ್ದುಮಾಡಿದ. ಕಾಪ್ಟ್ ಯುವಕರನ್ನೂ ಸೈನ್ಯಕ್ಕೆ ಸೇರಿಸಿಕೊಳ್ಳತೊಡಗಿದರು.

ಬ್ರಿಟಿಷರ ವಿರುದ್ಧ 1919ರಲ್ಲಿ ನಡೆದ ದಂಗೆಯ ದಿನಗಳು ಈ ಇತಿಹಾಸದ ಅತ್ಯಂತ ಭರವಸೆಯ ಘಟ್ಟ. ಸರ್ಜಿಯಸ್ ಎಂಬ ಕಾಪ್ಟ್ ಪಾದ್ರಿ ಕೈರೋದ ಅಲ್-ಅಝರ್ ಮಸೀದಿಯಲ್ಲೇ ನಿಂತು ಜನರನ್ನು ಹುರಿದುಂಬಿಸಿದರು. ಅರ್ಧಚಂದ್ರವೂ ಶಿಲುಬೆಯೂ ಒಟ್ಟಿಗಿದ್ದ ಬಾವುಟಗಳು ಬೀದಿಗಿಳಿದವು. 1923ರ ಸಂವಿಧಾನ ಎಲ್ಲರನ್ನೂ ಕಾನೂನಿನ ಮುಂದೆ ಸಮಾನರೆಂದು ಸಾರಿತು. ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಪ್ರಾತಿನಿಧ್ಯ ಕೊಡುವ ಸಲಹೆ ಬಂದಾಗ ಅದು ಬೇಡವೆಂದವರಲ್ಲಿ ಕಾಪ್ಟ್ ನಾಯಕರೂ ಇದ್ದರು.

ಆದರೆ ಸಮಾನತೆಯ ನಿಜವಾದ ಪರೀಕ್ಷೆ ನಡೆದದ್ದು ಚರ್ಚ್ ಕಟ್ಟುವ ಅರ್ಜಿಯಲ್ಲಿ. 1934ರಲ್ಲಿ ಗೃಹ ಇಲಾಖೆ ಹತ್ತು ಷರತ್ತುಗಳನ್ನು ಹೊರಡಿಸಿತು. ಹತ್ತಿರದ ಮಸೀದಿ ಎಷ್ಟು ದೂರ? ನೆರೆಯ ಮುಸ್ಲಿಮರ ಆಕ್ಷೇಪವಿದೆಯೇ? ಊರಿನಲ್ಲಿ ಕ್ರೈಸ್ತರು ಎಷ್ಟು ಮಂದಿ? ಜಾಗ ನೈಲ್ ನದಿಯ ಕಾಲುವೆಗೆ ಸಮೀಪವಿದ್ದರೆ ನೀರಾವರಿ ಇಲಾಖೆಯ ಒಪ್ಪಿಗೆ ಬೇಕು, ರೈಲು ಹಳಿಯ ಪಕ್ಕವಿದ್ದರೆ ರೈಲ್ವೆಯದು. ಇಷ್ಟೆಲ್ಲ ಆದ ಮೇಲೂ ದೊರೆಯ, ಮುಂದೆ ರಾಷ್ಟ್ರಾಧ್ಯಕ್ಷರ, ಆದೇಶ ಬರಬೇಕಿತ್ತು. ರಿಪೇರಿಗೂ ಅಷ್ಟೇ ಉನ್ನತ ಮಟ್ಟದ ಅನುಮತಿ ಬೇಕೆಂಬ ಸ್ಥಿತಿ 1990ರ ದಶಕದವರೆಗೂ ಮುಂದುವರಿಯಿತು. ಪ್ರಾರ್ಥನೆಗೆ ಸೂರು ಬೇಕಾದವರು ಪರವಾನಗಿಯಿಲ್ಲದೆ ಮನೆಗಳಲ್ಲೇ ಸೇರತೊಡಗಿದರು. ಮನೆ ಚರ್ಚಾಗುತ್ತಿದೆಯೆಂಬ ಗುಲ್ಲೇ ಹಲವು ಹಳ್ಳಿಗಳಲ್ಲಿ ಗಲಭೆಗೆ ನೆಪವಾಯಿತು.

2011ರ ಹೊಸವರ್ಷದ ರಾತ್ರಿ ಅಲೆಕ್ಸಾಂಡ್ರಿಯಾದ ಚರ್ಚೊಂದರ ಹೊರಗೆ ಬಾಂಬ್ ಸಿಡಿದು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಕೆಲವೇ ದಿನಗಳಲ್ಲಿ, ಕಾಪ್ಟರ ಕ್ರಿಸ್‌ಮಸ್ ಮುನ್ನಾದಿನ, ಅನೇಕ ಮುಸ್ಲಿಮರು ಚರ್ಚ್‌ಗಳಿಗೆ ಹೋಗಿ ಕಾವಲು ನಿಂತರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಸ್ವಾನ್ ಪ್ರಾಂತದ ಚರ್ಚೊಂದರ ಮೇಲಿನ ದಾಳಿಯನ್ನು ಖಂಡಿಸಿ ಕೈರೋದ ಮಾಸ್ಪೆರೋ ಪ್ರದೇಶದಲ್ಲಿ ಸೇರಿದ್ದ ಕಾಪ್ಟರ ಮೇಲೆ ಸೇನಾ ವಾಹನಗಳು ಹರಿದವು. ನೆರೆಯವರು ಕೊಟ್ಟ ಆಸರೆಯನ್ನು ಸರ್ಕಾರ ಕೊಡಲಿಲ್ಲ.

2014ರ ಸಂವಿಧಾನದ ನಿರ್ದೇಶನದಂತೆ 2016ರಲ್ಲಿ ಚರ್ಚ್ ನಿರ್ಮಾಣ ಕಾನೂನು ಬಂತು. ಅರ್ಜಿಗೆ ಗವರ್ನರ್ ನಾಲ್ಕು ತಿಂಗಳೊಳಗೆ ಉತ್ತರಿಸಬೇಕು, ನಿರಾಕರಿಸಿದರೆ ಕಾರಣ ಕೊಡಬೇಕು. ಹಳೆಯ ಪದ್ಧತಿಗಿಂತ ಇದು ಖಂಡಿತ ಮೇಲು. ಆದರೆ ಚರ್ಚಿನ ಗಾತ್ರ ಸ್ಥಳೀಯ ಕ್ರೈಸ್ತರ ಸಂಖ್ಯೆಗೆ ತಕ್ಕಂತಿರಬೇಕೆಂಬ ಷರತ್ತು ಈ ಕಾನೂನಿನಲ್ಲೂ ಇದೆ. ಮಸೀದಿಗಳಿಗೆ ಬೇರೆಯೇ ನಿಯಮ. ಮಿನ್ಯಾ ಪ್ರಾಂತದಂಥ ಕಡೆ ದಾಳಿಗಳಾದಾಗ, ನ್ಯಾಯಾಲಯದ ಬದಲು ಊರ ಹಿರಿಯರ ರಾಜಿ ಪಂಚಾಯಿತಿಯಲ್ಲಿ ವಿಷಯ ಮುಗಿಸುವ ರೂಢಿಯೂ ಉಳಿದುಬಂದಿದೆ. ಮನೆ ಸುಟ್ಟವರಿಗೆ ಶಿಕ್ಷೆಯಾಗದೆ, ಸುಟ್ಟುಹೋದ ಮನೆಯವರೇ ದೂರು ಹಿಂಪಡೆದ ಪ್ರಕರಣಗಳಿವೆ.