ಹೈಬ್ರಿಡ್ ಕಾರುಗಳ ಬ್ಯಾಟರಿ: ಬಾಳಿಕೆ, ವೆಚ್ಚ ಹಾಗೂ ಮಾಲೀಕರು ಗಮನಿಸಬೇಕಾದ ಅಂಶಗಳು

ಬೆಂಗಳೂರು ಪಶ್ಚಿಮ ಭಾಗದ ವಾಹನ ಮಾಲೀಕರ ಮಾಹಿತಿಗಾಗಿ

1. ಪೀಠಿಕೆ

ಪೆಟ್ರೋಲ್ ಎಂಜಿನ್ ಹಾಗೂ ವಿದ್ಯುತ್ ಮೋಟಾರು ಎರಡನ್ನೂ ಬಳಸಿ ಚಲಿಸುವ ವಾಹನಕ್ಕೆ ಹೈಬ್ರಿಡ್ ವಾಹನವೆಂದು ಹೆಸರು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಹಾಗೂ ಕೆಂಗೇರಿ ಪ್ರದೇಶಗಳಿಗೆ ಈ ವಾಹನಗಳೊಂದಿಗೆ ನಿಕಟ ಸಂಬಂಧವಿದೆ. ಕೆಂಗೇರಿಯ ಮುಂದೆ ಮೈಸೂರು ರಸ್ತೆಯಲ್ಲಿರುವ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಕಾರಿನ ಜೋಡಣೆ ಆರಂಭವಾಯಿತು. 2022ರಿಂದ ಅರ್ಬನ್ ಕ್ರೂಸರ್ ಹೈರೈಡರ್, ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ ಹಾಗೂ ಇನ್ನೋವಾ ಹೈಕ್ರಾಸ್ ಮಾದರಿಗಳು ಇದೇ ಕಾರ್ಖಾನೆಯಿಂದ ಹೊರಬಂದವು. ಅದಕ್ಕೂ ಮೊದಲು, 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಹಾಗೂ 2010ರಲ್ಲಿ ಟೊಯೋಟಾ ಪ್ರಿಯಸ್ ಕಾರುಗಳು ಆಮದು ಮಾರ್ಗವಾಗಿ ಭಾರತದ ಮಾರುಕಟ್ಟೆಯನ್ನು ಪ್ರವೇಶಿಸಿದ್ದವು.

ಹೈಬ್ರಿಡ್ ಕಾರು ಕೊಳ್ಳುವವರನ್ನು, ವಿಶೇಷವಾಗಿ ಬಳಸಿದ ಕಾರು ಕೊಳ್ಳುವವರನ್ನು, ಕಾಡುವ ಪ್ರಶ್ನೆಗಳು ಎರಡು. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ? ಅದು ಕೆಟ್ಟಾಗ ಬೀಳುವ ಖರ್ಚು, ಉಳಿಸಿದ ಪೆಟ್ರೋಲಿನ ಹಣವನ್ನೆಲ್ಲ ನುಂಗಿಹಾಕುವುದೇ? ಈ ಪ್ರಶ್ನೆಗಳಿಗೆ ಸಂಬಂಧಿಸಿದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

2. ಬ್ಯಾಟರಿಯ ವಿಧಗಳು

ಹೈಬ್ರಿಡ್ ಕಾರಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ ಎಂಬುದನ್ನು ಮೊದಲು ಗಮನಿಸತಕ್ಕದ್ದು.

(ಅ) ಅಧಿಕ ವೋಲ್ಟೇಜ್ ಬ್ಯಾಟರಿ: ಇದು ಮೋಟಾರನ್ನು ನಡೆಸುತ್ತದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗಬಹುದಾದ ಶಕ್ತಿಯನ್ನು ವಿದ್ಯುತ್ತಾಗಿ ಪಡೆದು ಸಂಗ್ರಹಿಸುತ್ತದೆ. ಈ ಲೇಖನದ ಮುಖ್ಯ ವಿಷಯ ಇದೇ ಆಗಿದೆ.

(ಆ) 12 ವೋಲ್ಟ್ ಬ್ಯಾಟರಿ: ಇದು ಸಾಮಾನ್ಯ ಕಾರುಗಳಲ್ಲಿರುವಂತಹುದೇ. ದೀಪ, ಬೀಗ, ಗಣಕ ವ್ಯವಸ್ಥೆ ಮುಂತಾದವುಗಳಿಗೆ ವಿದ್ಯುತ್ ಒದಗಿಸುತ್ತದೆ.

ಅಧಿಕ ವೋಲ್ಟೇಜ್ ಬ್ಯಾಟರಿಗಳಲ್ಲಿ ನಿಕಲ್ ಮೆಟಲ್ ಹೈಡ್ರೈಡ್ ಹಾಗೂ ಲಿಥಿಯಂ ಅಯಾನ್ ಎಂಬ ಎರಡು ವಿಧಗಳು ಬಳಕೆಯಲ್ಲಿವೆ. ಇನ್ನೋವಾ ಹೈಕ್ರಾಸ್‌ನಲ್ಲಿ ನಿಕಲ್ ವಿಧದ 168 ಕೋಶಗಳ ಬ್ಯಾಟರಿ ಇದೆ. ಹೈರೈಡರ್, ಗ್ರ್ಯಾಂಡ್ ವಿಟಾರಾ ಹಾಗೂ ಹೋಂಡಾ ಸಿಟಿ ಹೈಬ್ರಿಡ್ ಮಾದರಿಗಳಲ್ಲಿ ಲಿಥಿಯಂ ಬ್ಯಾಟರಿ ಇದ್ದು, ಅದರ ಸಾಮರ್ಥ್ಯ ಒಂದು ಯೂನಿಟ್ ವಿದ್ಯುತ್ತಿಗಿಂತಲೂ ಕಡಿಮೆ. ಪೂರ್ಣ ವಿದ್ಯುತ್ ಕಾರಿನ ಬ್ಯಾಟರಿಯು ಇದರ ಹತ್ತಾರು ಪಟ್ಟು ದೊಡ್ಡದು. ಆದುದರಿಂದ ವಿದ್ಯುತ್ ಕಾರಿನ ಬ್ಯಾಟರಿ ಬೆಲೆಯನ್ನು ಹೈಬ್ರಿಡ್ ಕಾರಿಗೆ ಹೋಲಿಸುವುದು ಸರಿಯಲ್ಲ.

3. ಬಾಳಿಕೆಯ ಅವಧಿ

ಬೆಂಗಳೂರಿನ ಹಿರಿಯ ವಾಹನ ಮಾಲೀಕರಿಗೆ ರೇವಾ ವಿದ್ಯುತ್ ಕಾರಿನ ನೆನಪಿರಬಹುದು. 2001ರಲ್ಲಿ ಮಾರುಕಟ್ಟೆಗೆ ಬಂದ ಆ ಕಾರಿನಲ್ಲಿ ಸೀಸ-ಆಮ್ಲ ಬ್ಯಾಟರಿಗಳಿದ್ದು, ಕೆಲವೇ ವರ್ಷಗಳಿಗೊಮ್ಮೆ ಪೂರ್ಣ ಜೋಡಿಯನ್ನು ಬದಲಾಯಿಸಬೇಕಾಗುತ್ತಿತ್ತು. ಹೈಬ್ರಿಡ್ ಬ್ಯಾಟರಿಯೂ ಹಾಗೆಯೇ ಇರಬಹುದೆಂಬ ಭಾವನೆ ಸಾರ್ವಜನಿಕರಲ್ಲಿದೆ. ಆದರೆ ಇವುಗಳ ಕಾರ್ಯವಿಧಾನ ಬೇರೆ. ಸೀಸದ ಬ್ಯಾಟರಿಯನ್ನು ಪ್ರತಿದಿನ ಬಹುಪಾಲು ಬರಿದು ಮಾಡಿ ಮತ್ತೆ ತುಂಬಿಸಲಾಗುತ್ತಿತ್ತು. ಹೈಬ್ರಿಡ್ ಕಾರಿನ ಗಣಕವು ಬ್ಯಾಟರಿಯನ್ನು ಪೂರ್ಣವಾಗಿ ತುಂಬಲೂ ಬಿಡುವುದಿಲ್ಲ, ಬರಿದಾಗಲೂ ಬಿಡುವುದಿಲ್ಲ. ಸಾಮಾನ್ಯವಾಗಿ ಶೇಕಡಾ 40ರಿಂದ 80ರ ನಡುವೆ ಕಾಯ್ದುಕೊಳ್ಳುತ್ತದೆ. ದೀರ್ಘ ಬಾಳಿಕೆಗೆ ಇದೇ ಮುಖ್ಯ ಕಾರಣ.

ಅಮೆರಿಕದ ಗ್ರಾಹಕ ಸಂಸ್ಥೆಯಾದ ಕನ್ಸ್ಯೂಮರ್ ರಿಪೋರ್ಟ್ಸ್ 2011ರಲ್ಲಿ, ಎರಡು ಲಕ್ಷ ಮೈಲಿಗೂ ಹೆಚ್ಚು, ಅಂದರೆ ಸುಮಾರು 3.3 ಲಕ್ಷ ಕಿ.ಮೀ. ಓಡಿದ್ದ 2002ರ ಪ್ರಿಯಸ್ ಕಾರೊಂದನ್ನು ಪರೀಕ್ಷಿಸಿತು. ಹೊಸದಾಗಿದ್ದಾಗ ಪರೀಕ್ಷಿಸಿದ ಅದೇ ಮಾದರಿಯ ಕಾರಿಗೂ ಇದಕ್ಕೂ ಇಂಧನ ಬಳಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಒಂದು ಕಾರಿನ ಪರೀಕ್ಷೆಯಿಂದ ಎಲ್ಲ ಕಾರುಗಳ ಬಗ್ಗೆ ತೀರ್ಮಾನಿಸುವಂತಿಲ್ಲ. ಆದರೂ ಬ್ಯಾಟರಿಯು ಮೂರು-ನಾಲ್ಕು ವರ್ಷಗಳಲ್ಲಿ ಕೆಟ್ಟೇ ಕೆಡುತ್ತದೆ ಎಂಬ ನಂಬಿಕೆ ಸರಿಯಲ್ಲವೆಂದು ಇದರಿಂದ ತಿಳಿದುಬರುತ್ತದೆ.

ಬಾಳಿಕೆಯನ್ನು ಕುಗ್ಗಿಸುವ ಅಂಶಗಳು ಈ ಕೆಳಕಂಡಂತಿವೆ:

- ಅಧಿಕ ಉಷ್ಣತೆ. ಬೆಂಗಳೂರಿನ ಹವಾಮಾನ ಈ ವಿಷಯದಲ್ಲಿ ಅನುಕೂಲಕರವಾಗಿದೆ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲಿನಲ್ಲಿ ನಿಂತ ಕಾರಿನ ಒಳಭಾಗವು ಹೊರಗಿನ ಗಾಳಿಗಿಂತ ಬಹಳಷ್ಟು ಬಿಸಿಯಾಗಿರುತ್ತದೆ.
- ಗಾಳಿ ಸಂಚಾರಕ್ಕೆ ಅಡ್ಡಿ. ಅನೇಕ ಮಾದರಿಗಳಲ್ಲಿ ಬ್ಯಾಟರಿಯನ್ನು ತಂಪಾಗಿಸುವ ಫ್ಯಾನ್ ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಆಸನದ ಕೆಳಗೆ ಅಥವಾ ಪಕ್ಕದಲ್ಲಿರುವ ಈ ಕಿಂಡಿಗೆ ಚೀಲ, ಚಾಪೆ, ಬಟ್ಟೆ ಅಡ್ಡವಾದರೆ ಅಥವಾ ಜಾಲರಿಯಲ್ಲಿ ಧೂಳು ತುಂಬಿದರೆ ಬ್ಯಾಟರಿ ಕಾಯುತ್ತದೆ.
- ದೀರ್ಘಕಾಲ ನಿಲ್ಲಿಸುವಿಕೆ. ತಿಂಗಳುಗಟ್ಟಲೆ ಓಡಿಸದ ಕಾರಿನ ಎರಡೂ ಬ್ಯಾಟರಿಗಳು ತಾವಾಗಿಯೇ ಬರಿದಾಗುತ್ತವೆ.
- ನೀರು. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯು ಜಲಾವೃತವಾಗಿ ಅನೇಕ ವಾಹನಗಳು ಮುಳುಗಿದ್ದವು. ಇಂತಹ ಸಂದರ್ಭದಲ್ಲಿ ಕಾರನ್ನು ಚಾಲೂ ಮಾಡಲು ಯತ್ನಿಸದೆ ಸೇವಾ ಕೇಂದ್ರಕ್ಕೆ ಎಳೆದೊಯ್ಯಿಸತಕ್ಕದ್ದು.

4. ಖಾತರಿ ಅವಧಿ

ಟೊಯೋಟಾ, ಮಾರುತಿ ಸುಜುಕಿ ಹಾಗೂ ಹೋಂಡಾ ಕಂಪನಿಗಳು ಮೇಲ್ಕಂಡ ಮಾದರಿಗಳ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ., ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಖಾತರಿ ನೀಡಿವೆ. ಟೊಯೋಟಾ ಕ್ಯಾಮ್ರಿ ಹಾಗೂ ವೆಲ್‌ಫೈರ್ ಕಾರುಗಳಿಗೆ ಮೊದಲು 3 ವರ್ಷ ಅಥವಾ 1,00,000 ಕಿ.ಮೀ. ಇದ್ದ ಅವಧಿಯನ್ನು 2021ರ ಆಗಸ್ಟ್ 1ರಿಂದ ವಿಸ್ತರಿಸಲಾಯಿತು. ಹಳೆಯ ಕ್ಯಾಮ್ರಿ ಕೊಳ್ಳುವವರು ಈ ದಿನಾಂಕವನ್ನು ಗಮನದಲ್ಲಿರಿಸಿಕೊಳ್ಳತಕ್ಕದ್ದು.

ವರ್ಷಕ್ಕೆ 12,000 ಕಿ.ಮೀ. ಓಡಿಸುವ ಕುಟುಂಬಕ್ಕೆ 8 ವರ್ಷದಲ್ಲಿ ಆಗುವುದು 96,000 ಕಿ.ಮೀ. ಮಾತ್ರ, ಇವರಿಗೆ ವರ್ಷದ ಮಿತಿ ಮೊದಲು ಮುಗಿಯುತ್ತದೆ. ವರ್ಷಕ್ಕೆ 30,000 ಕಿ.ಮೀ. ಓಡಿಸುವವರಿಗೆ 5 ವರ್ಷ 4 ತಿಂಗಳಲ್ಲೇ ಕಿಲೋಮೀಟರ್ ಮಿತಿ ತೀರುತ್ತದೆ. ಬಾಡಿಗೆಗೆ ಓಡಿಸುವ ವಾಹನಗಳಿಗೆ ಬೇರೆ ಷರತ್ತುಗಳಿವೆಯೇ ಎಂಬುದನ್ನು ಖಾತರಿ ಪುಸ್ತಿಕೆಯಲ್ಲಿ ಪರಿಶೀಲಿಸಿಕೊಳ್ಳುವುದು ಸೂಕ್ತ.

5. ವೆಚ್ಚದ ಲೆಕ್ಕ

ಬ್ಯಾಟರಿಯ ಬೆಲೆ ಮಾದರಿಯಿಂದ ಮಾದರಿಗೆ ಬೇರೆಯಾಗಿರುತ್ತದೆ. ಬಿಲ್ಲಿನಲ್ಲಿ ಬ್ಯಾಟರಿಯ ಬೆಲೆ, ಕೂಲಿ ಹಾಗೂ ಸರಕು ಮತ್ತು ಸೇವಾ ತೆರಿಗೆ ಸೇರಿರುತ್ತವೆ. ಲಿಥಿಯಂ ಬ್ಯಾಟರಿಗಳ ಮೇಲಿನ ತೆರಿಗೆ 2018ರಿಂದ ಶೇಕಡಾ 18 ಇದ್ದರೆ, ನಿಕಲ್ ಸೇರಿದಂತೆ ಇತರ ಬ್ಯಾಟರಿಗಳ ಮೇಲೆ ಶೇಕಡಾ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಎಲ್ಲ ಬ್ಯಾಟರಿಗಳಿಗೂ ಶೇಕಡಾ 18 ಅನ್ವಯವಾಗುತ್ತದೆ. ಆದುದರಿಂದ ಅದಕ್ಕೂ ಹಿಂದಿನ ಅಂದಾಜು ಪಟ್ಟಿಗಳನ್ನು ಅವಲಂಬಿಸದೆ ಹೊಸ ಪಟ್ಟಿಯನ್ನು ಲಿಖಿತವಾಗಿ ಪಡೆಯತಕ್ಕದ್ದು.

ಉದಾಹರಣೆ: ಇನ್ನೋವಾ ಹೈಕ್ರಾಸ್‌ನ ಪ್ರಮಾಣೀಕೃತ ಮೈಲೇಜ್ ಪೆಟ್ರೋಲ್ ಮಾದರಿಯಲ್ಲಿ ಲೀಟರಿಗೆ 16.13 ಕಿ.ಮೀ., ಹೈಬ್ರಿಡ್ ಮಾದರಿಯಲ್ಲಿ 23.24 ಕಿ.ಮೀ. ಲೆಕ್ಕದ ಅನುಕೂಲಕ್ಕಾಗಿ ಪೆಟ್ರೋಲ್ ದರ 100 ರೂ. ಎಂದೂ, ಬ್ಯಾಟರಿ ಬದಲಾವಣೆಯ ವೆಚ್ಚ 2,00,000 ರೂ. ಎಂದೂ, ಕಾರನ್ನು ಇಟ್ಟುಕೊಳ್ಳುವ ಅವಧಿ 12 ವರ್ಷವೆಂದೂ ಇಟ್ಟುಕೊಳ್ಳಲಾಗಿದೆ. ಮಾಲೀಕರು ತಮ್ಮ ಕಾರಿನ ನಿಜವಾದ ಅಂಕಿಗಳನ್ನು ಹಾಕಿಕೊಳ್ಳಬೇಕು.

- ವರ್ಷಕ್ಕೆ 12,000 ಕಿ.ಮೀ. ಓಡಿಸಿದರೆ: ಉಳಿಯುವ ಪೆಟ್ರೋಲ್ ಸುಮಾರು 228 ಲೀಟರ್, ಅಂದರೆ 22,800 ರೂ. 12 ವರ್ಷಕ್ಕೆ 2,73,600 ರೂ. ಒಮ್ಮೆ ಬ್ಯಾಟರಿ ಬದಲಾಯಿಸಿದರೂ 73,600 ರೂ. ಉಳಿಯುತ್ತದೆ.
- ವರ್ಷಕ್ಕೆ 5,000 ಕಿ.ಮೀ. ಓಡಿಸಿದರೆ: ಉಳಿಯುವ ಪೆಟ್ರೋಲ್ ಸುಮಾರು 95 ಲೀಟರ್, ಅಂದರೆ 9,500 ರೂ. 12 ವರ್ಷಕ್ಕೆ 1,14,000 ರೂ. ಬ್ಯಾಟರಿ ಬದಲಾಯಿಸಬೇಕಾಗಿ ಬಂದಲ್ಲಿ 86,000 ರೂ. ಕೈಯಿಂದ ಹೋಗುತ್ತದೆ.

ಕೊಳ್ಳುವಾಗ ಹೈಬ್ರಿಡ್ ಮಾದರಿಗೆ ತೆರುವ ಹೆಚ್ಚುವರಿ ಬೆಲೆಯನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಒಟ್ಟಿನಲ್ಲಿ, ಪ್ರತಿದಿನ ಕೆಂಗೇರಿಯಿಂದ ನಗರದೊಳಕ್ಕೆ ಹೋಗಿಬರುವವರಿಗೆ ಬ್ಯಾಟರಿ ವೆಚ್ಚ ತಾಳಿಕೊಳ್ಳುವಂತಹುದು. ವಾರಕ್ಕೊಮ್ಮೆ ಮಾತ್ರ ಕಾರು ತೆಗೆಯುವವರು ಕೊಳ್ಳುವ ಮುನ್ನ ಲೆಕ್ಕ ಹಾಕಿ ನೋಡುವುದು ಒಳಿತು. ಖಾತರಿ ಅವಧಿಯೊಳಗೇ ಕಾರನ್ನು ಮಾರುವವರಿಗೆ ಬದಲಾವಣೆಯ ವೆಚ್ಚ ನೇರವಾಗಿ ಬರುವುದಿಲ್ಲ. ಆದರೆ ಖಾತರಿಯ ಉಳಿದ ಅವಧಿಗೆ ಅನುಗುಣವಾಗಿ ಮಾರಾಟದ ಬೆಲೆ ಏರಿಳಿಯಬಹುದು.

6. ದುರಸ್ತಿಗೆ ಮುನ್ನ

ಕಾರು ಚಾಲೂ ಆಗದಿದ್ದಲ್ಲಿ ದೊಡ್ಡ ಬ್ಯಾಟರಿಯೇ ಕೆಟ್ಟಿದೆ ಎಂದು ತೀರ್ಮಾನಿಸಬಾರದು. 12 ವೋಲ್ಟ್ ಬ್ಯಾಟರಿ ಬರಿದಾದರೂ ಕಾರು ಚಾಲೂ ಆಗುವುದಿಲ್ಲ. ಇದನ್ನು ಬದಲಾಯಿಸಲು ತಗಲುವುದು ಕೆಲವು ಸಾವಿರ ರೂಪಾಯಿಗಳು ಮಾತ್ರ. ಇದನ್ನು ಮೊದಲು ಪರೀಕ್ಷಿಸಬೇಕು.

ಅಧಿಕ ವೋಲ್ಟೇಜ್ ಬ್ಯಾಟರಿ ದುರ್ಬಲವಾದಾಗ ಸಾಮಾನ್ಯವಾಗಿ ಮೈಲೇಜ್ ಕುಸಿಯುತ್ತದೆ, ಎಂಜಿನ್ ಪದೇ ಪದೇ ಚಾಲೂ ಆಗುತ್ತದೆ, ಚಾರ್ಜ್ ಸೂಚಕ ಸರಸರನೆ ಏರಿ ಇಳಿಯುತ್ತದೆ, ಫ್ಯಾನಿನ ಸದ್ದು ಹೆಚ್ಚುತ್ತದೆ ಹಾಗೂ ಎಚ್ಚರಿಕೆ ದೀಪ ಬೆಳಗುತ್ತದೆ. ಕೋಶಗಳು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಒಂದೆರಡು ದುರ್ಬಲವಾದರೂ ಇಡೀ ಬ್ಯಾಟರಿ ಕುಂಟುತ್ತದೆ. ಕೆಲವೊಮ್ಮೆ ಕೋಶಗಳು ಚೆನ್ನಾಗಿದ್ದು, ಅವುಗಳನ್ನು ಕೂಡಿಸುವ ಲೋಹದ ಪಟ್ಟಿಗಳಿಗೆ ಕಿಲುಬು ಹಿಡಿದಿರುತ್ತದೆ. ಆದುದರಿಂದ ದೋಷಸಂಕೇತ ಹಾಗೂ ಪ್ರತಿಯೊಂದು ಘಟಕದ ವೋಲ್ಟೇಜ್ ಒಳಗೊಂಡ ಪರೀಕ್ಷಾ ವರದಿಯನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ಕೆಟ್ಟ ಘಟಕವನ್ನು ಮಾತ್ರ ಬದಲಾಯಿಸುವುದು ಅಗ್ಗವಾದರೂ, ಹಳೆಯ ಹಾಗೂ ಹೊಸ ಘಟಕಗಳ ಸಾಮರ್ಥ್ಯ ಹೊಂದದೆ ಸ್ವಲ್ಪ ಕಾಲದಲ್ಲೇ ಮತ್ತೊಂದು ಘಟಕ ಕೆಡುವ ಸಂಭವವಿದೆ. ಇಂತಹ ದುರಸ್ತಿ ಮಾಡಿಸುವವರು ಎಷ್ಟು ತಿಂಗಳ ಖಾತರಿ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳತಕ್ಕದ್ದು.

ಎಚ್ಚರಿಕೆ: ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಪಾಯಕಾರಿ ವೋಲ್ಟೇಜ್ ಇರುತ್ತದೆ. ತರಬೇತಿ ಇಲ್ಲದವರು ಬ್ಯಾಟರಿಯ ಮುಚ್ಚಳ ತೆಗೆಯಬಾರದು. ಅಪಘಾತ ಅಥವಾ ಬೆಂಕಿಯ ಸಂದರ್ಭದಲ್ಲಿ ವಾಹನದಿಂದ ದೂರ ಸರಿದು 112ಕ್ಕೆ ಕರೆ ಮಾಡತಕ್ಕದ್ದು.

7. ದಿನನಿತ್ಯದ ಬಳಕೆಯಲ್ಲಿ ಪಾಲಿಸಬೇಕಾದ ಕ್ರಮಗಳು

- ನಾಯಂಡಹಳ್ಳಿ, ಸುಮನಹಳ್ಳಿಯಂತಹ ಜಂಕ್ಷನ್‌ಗಳಲ್ಲಿ ಬಹಳ ಹೊತ್ತು ನಿಲ್ಲಬೇಕಾದಾಗ ಗೇರನ್ನು ನ್ಯೂಟ್ರಲ್‌ನಲ್ಲಿ ಇಡಬಾರದು. ಹಲವು ಮಾದರಿಗಳಲ್ಲಿ ನ್ಯೂಟ್ರಲ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎ.ಸಿ. ಮಾತ್ರ ಅದನ್ನು ಬರಿದು ಮಾಡುತ್ತಿರುತ್ತದೆ.
- ಪ್ರತಿ ಸರ್ವೀಸ್‌ನಲ್ಲಿ ಬ್ಯಾಟರಿ ಫ್ಯಾನಿನ ಜಾಲರಿಯನ್ನು ಶುಚಿಗೊಳಿಸಿರುವುದನ್ನು ಖಚಿತಪಡಿಸಿಕೊಳ್ಳಬೇಕು.
- ಸಾಧ್ಯವಾದಷ್ಟು ನೆರಳಿನಲ್ಲಿ ನಿಲ್ಲಿಸಬೇಕು.
- ಊರಿಗೆ ಹೋಗಿ ಬಹಳ ದಿನ ತಂಗುವವರು, ಮನೆಯಲ್ಲಿರುವವರಿಂದ ಆಗಾಗ್ಗೆ ಕಾರನ್ನು ಓಡಿಸುವ ವ್ಯವಸ್ಥೆ ಮಾಡಬೇಕು.

8. ಬಳಸಿದ ಹೈಬ್ರಿಡ್ ಕಾರು ಕೊಳ್ಳುವವರಿಗೆ

ನೋಂದಣಿ ಪತ್ರದಲ್ಲಿ ಇಂಧನದ ವಿವರ, ಮೊದಲ ಮಾರಾಟದ ದಿನಾಂಕ, ಓಡಿದ ಕಿಲೋಮೀಟರ್ ಹಾಗೂ ಸರ್ವೀಸ್ ದಾಖಲೆಗಳನ್ನು ಪರಿಶೀಲಿಸಬೇಕು. ಖಾತರಿಯ ಉಳಿದ ಅವಧಿ ಹೊಸ ಮಾಲೀಕರಿಗೆ ವರ್ಗವಾಗುವುದೇ ಎಂಬುದನ್ನು ಕಂಪನಿಯಿಂದ ದೃಢಪಡಿಸಿಕೊಳ್ಳಬೇಕು. ಹಣ ಕೊಡುವ ಮುನ್ನ ಬ್ಯಾಟರಿ ಪರೀಕ್ಷೆ ಮಾಡಿಸುವುದು ಅಪೇಕ್ಷಣೀಯ. ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30ನ್ನು ಸಲ್ಲಿಸತಕ್ಕದ್ದು. ರಾಜಾಜಿನಗರದಲ್ಲಿ ಬೆಂಗಳೂರು ಪಶ್ಚಿಮ ಪ್ರಾದೇಶಿಕ ಸಾರಿಗೆ ಕಚೇರಿ ಕಾರ್ಯನಿರ್ವಹಿಸುತ್ತಿದ್ದು, ಅದರ ನೋಂದಣಿ ಸಂಕೇತ ಕೆಎ-02. ಜ್ಞಾನಭಾರತಿ ಕಚೇರಿಯ ಸಂಕೇತ ಕೆಎ-41.

ವಿಮೆ ಮಾಡಿಸುವಾಗ ಬ್ಯಾಟರಿಗೆ ನೀರಿನಿಂದಾಗುವ ಹಾನಿ ಸೇರಿದೆಯೇ ಎಂದು ಕೇಳಬೇಕು. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಹೈಬ್ರಿಡ್ ವಾಹನಗಳ ಮೂರನೇ ವ್ಯಕ್ತಿ ವಿಮಾ ಕಂತಿಗೆ ಶೇಕಡಾ 7.5 ರಿಯಾಯಿತಿ ನೀಡಲಾಗಿದೆ.

9. ಹಳೆಯ ಬ್ಯಾಟರಿಯ ವಿಲೇವಾರಿ

2001ರ ಬ್ಯಾಟರಿ ನಿಯಮಗಳ ಬದಲಿಗೆ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದಿವೆ. ಇವುಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ಉತ್ಪಾದಕರದು. ಬ್ಯಾಟರಿಯನ್ನು ಇತರ ಕಸದಿಂದ ಬೇರ್ಪಡಿಸಿ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವ ಸಂಸ್ಥೆಗೆ ಒಪ್ಪಿಸುವುದು ಗ್ರಾಹಕರ ಕರ್ತವ್ಯ. ಗುಜರಿಗೆ ಹಾಕುವುದು ಅಪಾಯಕರ. ನಿಕಲ್ ಬ್ಯಾಟರಿಯೊಳಗಿನ ಕ್ಷಾರ ದ್ರಾವಣವು ಚರ್ಮ ಹಾಗೂ ಕಣ್ಣನ್ನು ಸುಡುತ್ತದೆ, ಲಿಥಿಯಂ ಬ್ಯಾಟರಿ ಜಜ್ಜಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಸೇವಾ ಕೇಂದ್ರದಲ್ಲಿ ಬ್ಯಾಟರಿ ಬದಲಾಯಿಸುವಾಗ, ಹಳೆಯದಕ್ಕೆ ಬೆಲೆಯಲ್ಲಿ ಕಡಿತವಿದೆಯೇ ಎಂದು ವಿಚಾರಿಸಬಹುದು.

10. ದೂರುಗಳು

ಖಾತರಿ ಅವಧಿಯೊಳಗೆ ಬದಲಾವಣೆ ನಿರಾಕರಿಸಿದಲ್ಲಿ ಕಾರಣವನ್ನು ಲಿಖಿತವಾಗಿ ಪಡೆಯತಕ್ಕದ್ದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ಮೇರೆಗೆ ಗ್ರಾಹಕರು ತಾವು ವಾಸಿಸುವ ಸ್ಥಳದ ಜಿಲ್ಲಾ ಗ್ರಾಹಕ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ. ಬಿಲ್ಲು, ಖಾತರಿ ಪುಸ್ತಿಕೆ, ಸರ್ವೀಸ್ ದಾಖಲೆ ಹಾಗೂ ಪರೀಕ್ಷಾ ವರದಿಗಳೇ ಇಂತಹ ದೂರಿಗೆ ಆಧಾರವಾಗುವುದರಿಂದ, ಕಾರು ಕೊಂಡ ದಿನದಿಂದಲೇ ಇವುಗಳನ್ನು ಜೋಪಾನವಾಗಿ ಕಾಯ್ದಿರಿಸಿಕೊಳ್ಳಬೇಕು.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.