ತಹ್ಕೀಮ್: ತೀರ್ಪಿಗೆ ಮೊದಲು ಬರೆಯಬೇಕಾದ ಮಾತು

ಕೆಲವು ತಿಂಗಳ ಹಿಂದೆ ಇಶಾ ನಮಾಝಿನ ಬಳಿಕ ಯುವಕನೊಬ್ಬ ನನಗೊಂದು ಕಾಗದ ತೋರಿಸಿದ. ತಂದೆಯ ಅಂಗಡಿಯ ಪಾಲಿನ ವಿಷಯದಲ್ಲಿ ಅವನಿಗೂ ಅವನ ಅಣ್ಣನಿಗೂ ವಿವಾದವಿತ್ತು. ಹಿರಿಯರು ಹೇಳಿದಂತೆ ನಡೆಯುತ್ತೇವೆ ಎಂಬ ಒಂದೇ ವಾಕ್ಯದ ಕೆಳಗೆ ಇಬ್ಬರ ಸಹಿಯಿತ್ತು. ಹಿರಿಯರು ತೀರ್ಪು ಹೇಳಿದ್ದೂ ಆಯಿತು. ಆದರೆ ಅಂಗಡಿಯ ಬಾಡಿಗೆಯ ಕುರಿತು ಹೇಳುವ ಅಧಿಕಾರ ಅವರಿಗಿರಲಿಲ್ಲ ಎಂದು ಇವನ ವಾದ, ಇತ್ತು ಎಂದು ಅಣ್ಣನ ವಾದ. ಈಗ ಅವರಲ್ಲಿ ಸಲಾಮ್ ಕೂಡ ಇಲ್ಲ. ಆ ಕಾಗದವನ್ನು ನೋಡಿದಾಗ ನನಗೆ ಇತಿಹಾಸದ ಎರಡು ಘಟನೆಗಳು ನೆನಪಾದವು.

ವಿವಾದದಲ್ಲಿರುವವರು ತಾವೇ ಒಪ್ಪಿ ಒಬ್ಬನನ್ನು ತೀರ್ಪುಗಾರನನ್ನಾಗಿ ಆರಿಸುವುದಕ್ಕೆ ಅರಬಿಯಲ್ಲಿ ತಹ್ಕೀಮ್ ಎನ್ನುತ್ತಾರೆ. ಹಾಗೆ ಆರಿಸಲ್ಪಟ್ಟವನು ಹಕಮ್. ಇದು ರಾಜಿಯಲ್ಲ. ರಾಜಿಯಲ್ಲಿ ಇಬ್ಬರೂ ಕೊನೆಯವರೆಗೆ ಬೇಡವೆನ್ನಬಹುದು. ತಹ್ಕೀಮಿನಲ್ಲಿ ಒಪ್ಪಿಗೆ ಮೊದಲೇ ಆಗಿರುತ್ತದೆ, ತೀರ್ಪಿನ ನಂತರ ನಿರಾಕರಣೆಗೆ ಅವಕಾಶವಿಲ್ಲ.

ಮೊದಲ ಘಟನೆ ಪ್ರವಾದಿ ಮುಹಮ್ಮದ್(ಸ)ರ 35ನೆಯ ವಯಸ್ಸಿನದು. ಪ್ರವಾದಿತ್ವಕ್ಕೆ ಇನ್ನೂ ಐದು ವರ್ಷಗಳಿದ್ದವು. ಕುರೈಶರು ಕಅಬಾವನ್ನು ಪುನರ್ನಿರ್ಮಿಸುತ್ತಿದ್ದರು. ಹಜರುಲ್ ಅಸ್ವದನ್ನು ಅದರ ಸ್ಥಾನದಲ್ಲಿಡುವ ಗೌರವ ಯಾರದೆಂಬ ಪ್ರಶ್ನೆ ಎದ್ದಾಗ, ಒಂದು ಗೋತ್ರದವರು ರಕ್ತ ತುಂಬಿದ ಪಾತ್ರೆಯಲ್ಲಿ ಕೈಯದ್ದಿ ಸಾಯಲೂ ಸಿದ್ಧವೆಂದು ಶಪಥ ಮಾಡಿದರು. ಆಗ ವೃದ್ಧರಾದ ಅಬೂ ಉಮಯ್ಯಾ, ಈ ದ್ವಾರದಿಂದ ಮೊದಲು ಒಳಬರುವವನ ತೀರ್ಪಿಗೆ ಎಲ್ಲರೂ ಬದ್ಧರಾಗೋಣ ಎಂಬ ಸಲಹೆಯಿತ್ತರು. ಬರುವವನು ಯಾರೆಂದು ಯಾರಿಗೂ ತಿಳಿಯುವ ಮೊದಲೇ ನಾಲ್ಕೂ ಕಡೆಯವರು ಅದನ್ನು ಒಪ್ಪಿದರು. ಬಂದವರು ಜನರು ಅಲ್ ಅಮೀನ್ ಎಂದು ಕರೆಯುತ್ತಿದ್ದ ಮುಹಮ್ಮದ್(ಸ). ಅವರು ಬಟ್ಟೆಯೊಂದನ್ನು ಹಾಸಿ, ಶಿಲೆಯನ್ನು ಅದರ ಮೇಲಿಟ್ಟು, ಅದರ ಅಂಚುಗಳನ್ನು ಗೋತ್ರಗಳಿಂದಲೇ ಹಿಡಿಸಿ ಎತ್ತಿಸಿದರು. ಕೊನೆಗೆ ತಮ್ಮ ಕೈಯಿಂದ ಅದನ್ನು ಸ್ವಸ್ಥಾನದಲ್ಲಿಟ್ಟರು. ತೀರ್ಪಿನ ಜಾಣ್ಮೆಯನ್ನು ನಾವೆಲ್ಲ ಮೆಚ್ಚುತ್ತೇವೆ. ಆದರೆ ಅದು ನಿಂತದ್ದು ಮೊದಲಿನ ಒಪ್ಪಂದದ ಮೇಲೆ: ಪ್ರಶ್ನೆ ಒಂದೇ, ತೀರ್ಪುಗಾರ ಒಬ್ಬನೇ, ಬದ್ಧತೆ ಎಲ್ಲರದು.

ಎರಡನೆಯದು ಹಿಜರಿ 37ರ, ಅಂದರೆ ಕ್ರಿ.ಶ. 657ರ ಸಿಫ್ಫೀನ್. ಯೂಫ್ರೆಟಿಸ್ ನದಿಯ ತೀರದಲ್ಲಿ ಹಝ್ರತ್ ಅಲಿ(ರ) ಮತ್ತು ಹಝ್ರತ್ ಮುಆವಿಯಾ(ರ)ರ ಸೇನೆಗಳು ಎದುರುಬದುರಾದವು. ಬಹಳ ರಕ್ತ ಹರಿದ ಬಳಿಕ ಈಟಿಗಳ ತುದಿಯಲ್ಲಿ ಕುರ್‌ಆನಿನ ಪ್ರತಿಗಳು ಮೇಲೆದ್ದವು, ಯುದ್ಧ ನಿಂತಿತು. ಒಂದು ಕಡೆಯಿಂದ ಅಬೂ ಮೂಸಾ ಅಲ್ ಅಶ್ಅರಿ(ರ), ಇನ್ನೊಂದು ಕಡೆಯಿಂದ ಅಮ್ರ್ ಬಿನ್ ಆಸ್(ರ) ಹಕಮ್‌ಗಳಾದರು. ಸಹಾಬಿಗಳ ನಡುವಿನ ಭಿನ್ನಮತದಲ್ಲಿ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಅಲ್ಲಿ ಬರೆಯಲಾದ ಕಾಗದದಿಂದ ಕಲಿಯುವುದು ನಮ್ಮ ಕರ್ತವ್ಯ. ಅಲ್ಲಾಹನ ಗ್ರಂಥದ ಪ್ರಕಾರ ತೀರ್ಮಾನವಾಗಬೇಕು ಎಂದು ಅದರಲ್ಲಿತ್ತು, ಕಾಲಾವಧಿಯೂ ಇತ್ತು. ಯಾವ ಪ್ರಶ್ನೆಯನ್ನು ತೀರ್ಮಾನಿಸಬೇಕು ಎಂಬುದು ಮಾತ್ರ ಸ್ಪಷ್ಟವಾಗಿರಲಿಲ್ಲ. ಹಝ್ರತ್ ಉಸ್ಮಾನ್(ರ)ರ ಕೊಲೆಗಾರರ ವಿಷಯವೋ, ಖಿಲಾಫತ್ತಿನ ವಿಷಯವೋ? ಹಕಮ್‌ಗಳು ಇಬ್ಬರೇ, ಅವರಲ್ಲಿ ಒಮ್ಮತ ಮುರಿದರೆ ಮೂರನೆಯವನಿರಲಿಲ್ಲ. ವಿವಾದ ತೀರಲಿಲ್ಲ.

ಅದರ ಬೆನ್ನಿಗೆ ಇನ್ನೊಂದು ಗಾಯವಾಯಿತು. ಮನುಷ್ಯರನ್ನು ತೀರ್ಪುಗಾರರನ್ನಾಗಿ ಮಾಡಿದ್ದೇ ಪಾಪವೆಂದು ಒಂದು ಗುಂಪು ಹಝ್ರತ್ ಅಲಿ(ರ)ರ ಸೇನೆಯಿಂದ ಸಿಡಿದು ಹೋಯಿತು, ಅವರೇ ಖವಾರಿಜ್‌ಗಳು. ಹಝ್ರತ್ ಇಬ್ನು ಅಬ್ಬಾಸ್(ರ) ಅವರ ಬಳಿಗೆ ಹೋಗಿ, ಪತಿ ಪತ್ನಿಯರ ವಿರಸದಲ್ಲಿ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಹಕಮನನ್ನು ನೇಮಿಸಲು ಅನ್ನಿಸಾ ಅಧ್ಯಾಯದ 35ನೆಯ ಸೂಕ್ತ ಆದೇಶಿಸಿರುವುದನ್ನು ನೆನಪಿಸಿದರು. ಒಂದು ಮನೆಯ ಶಾಂತಿಗೆ ಮನುಷ್ಯನ ತೀರ್ಪು ಸಮ್ಮತವಾದರೆ ಸಮುದಾಯದ ರಕ್ತವನ್ನು ಉಳಿಸಲು ಏಕೆ ಸಲ್ಲದು? ಅನೇಕರು ಮರಳಿದರು. ಮರಳದವರಲ್ಲೊಬ್ಬನಾದ ಇಬ್ನು ಮುಲ್ಜಮ್ ಕ್ರಿ.ಶ. 661ರಲ್ಲಿ ಕೂಫಾದ ಮಸೀದಿಯಲ್ಲಿ ಹಝ್ರತ್ ಅಲಿ(ರ)ರ ಮೇಲೆ ಖಡ್ಗವೆತ್ತಿದನು.

ಮುಂದೆ ಫಿಕ್‌ಹ್ ವಿದ್ವಾಂಸರು ತಹ್ಕೀಮಿಗೆ ನಿಯಮಗಳನ್ನು ರೂಪಿಸಿದರು. 1869ರಿಂದ 1876ರವರೆಗೆ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಸಿದ್ಧವಾದ ಮಜಲ್ಲಾ ಸಂಹಿತೆಯು 1841ನೆಯ ಕಲಮಿನಿಂದ ಇದನ್ನು ವಿವರಿಸುತ್ತದೆ: ತೀರ್ಪಿಗೆ ಮೊದಲು ಪಕ್ಷಗಾರ ಹಿಂದೆ ಸರಿಯಬಹುದು, ತೀರ್ಪಾದ ಮೇಲೆ ಅದು ಬದ್ಧ.

ನಮ್ಮ ದೇಶದ 1996ರ ಮಧ್ಯಸ್ಥಿಕೆ ಮತ್ತು ರಾಜಿ ಸಂಧಾನ ಕಾಯ್ದೆಯನ್ನು ಓದುವಾಗ ಸಿಫ್ಫೀನಿನ ಕೊರತೆಗಳಿಗೆ ಉತ್ತರ ಸಿಕ್ಕಂತಾಗುತ್ತದೆ. ಒಪ್ಪಂದ ಲಿಖಿತವಾಗಿರಬೇಕು. ಮಧ್ಯಸ್ಥರ ಸಂಖ್ಯೆ ಸಮಸಂಖ್ಯೆಯಾಗಿರಬಾರದು. ಒಪ್ಪಿಸದ ವಿಷಯದ ಮೇಲೆ ಕೊಟ್ಟ ತೀರ್ಪನ್ನು ನ್ಯಾಯಾಲಯ ರದ್ದುಪಡಿಸಬಹುದು. ಸರಿಯಾದ ತೀರ್ಪು ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿಯಾಗುತ್ತದೆ. ಅಪರಾಧ ಪ್ರಕರಣ, ವಿಚ್ಛೇದನ, ಮಕ್ಕಳ ಪಾಲನೆಯಂತಹ ವಿಷಯಗಳು ಮಾತ್ರ ಇದರ ವ್ಯಾಪ್ತಿಗೆ ಬಾರವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ದೇಶದೇಶಗಳ ನಡುವಿನ ವ್ಯಾಪಾರಕ್ಕೆ 1958ರ ನ್ಯೂಯಾರ್ಕ್ ಒಡಂಬಡಿಕೆಯಿದೆ. ಒಂದು ದೇಶದ ಮಧ್ಯಸ್ಥ ತೀರ್ಪನ್ನು ಇನ್ನೊಂದು ದೇಶ ಜಾರಿಗೊಳಿಸಲು ಅದು ದಾರಿ ಮಾಡಿದೆ. ಭಾರತ 1960ರಲ್ಲಿ, ಸೌದಿ ಅರೇಬಿಯಾ 1994ರಲ್ಲಿ, ಯುಎಇ 2006ರಲ್ಲಿ ಅದನ್ನು ಸೇರಿದವು. ಕೊಲ್ಲಿ ರಾಷ್ಟ್ರಗಳಲ್ಲಿ ಪಾಲುದಾರಿಕೆಯಲ್ಲಿ ದುಡಿಯುವ ನಮ್ಮವರು ಇದನ್ನು ತಿಳಿದಿರಬೇಕು.

ಆ ಯುವಕನಿಗೆ ನಾನು ಹೇಳಿದ್ದಿಷ್ಟೆ: ಅಣ್ಣನೊಂದಿಗೆ ಕುಳಿತು ಹೊಸ ಕಾಗದ ಬರೆಯಿರಿ. ಪ್ರಶ್ನೆಗಳನ್ನು ಒಂದೊಂದಾಗಿ ಬರೆಯಿರಿ, ಬಾಡಿಗೆಯನ್ನೂ ಬರೆಯಿರಿ. ಮೂವರನ್ನು ಹೆಸರಿಸಿ. ಬಳಿಕ ಸಹಿ ಹಾಕಿ, ಸಹಿ ಹಾಕಿದ ಮೇಲೆ ಬಾಯಿ ಕಟ್ಟಿಕೊಳ್ಳಿ. ಪ್ರೀತಿ ಇನ್ನೂ ಉಳಿದಿರುವಾಗ ಸ್ಪಷ್ಟವಾಗಿ ಬರೆದುಕೊಳ್ಳುವುದು ಅಪನಂಬಿಕೆಯಲ್ಲ, ಆ ಪ್ರೀತಿಗೆ ಹಾಕುವ ಬೇಲಿ. ಅಲ್ಲಾಹನು ನಮ್ಮ ಮನೆಗಳ ಸಂಬಂಧಗಳನ್ನು ಕಾಪಾಡಲಿ. ಆಮೀನ್.