ಗಂಧದೆಣ್ಣೆಯ ಅಳತೆಗೋಲು

ಮೊದಲ ಮಹಾಯುದ್ಧದವರೆಗೂ ಮೈಸೂರಿನ ಶ್ರೀಗಂಧದ ಕೊರಡುಗಳು ಸರ್ಕಾರಿ ಕೋಠಿಗಳಲ್ಲಿ ಹರಾಜಾಗಿ ಹಡಗು ಹತ್ತುತ್ತಿದ್ದವು. ಎಣ್ಣೆ ತೆಗೆಯುವ ಕೆಲಸ ಹೆಚ್ಚಾಗಿ ಜರ್ಮನಿಯಲ್ಲಿ ನಡೆಯುತ್ತಿತ್ತು. 1914ರಲ್ಲಿ ಆ ದಾರಿ ಮುಚ್ಚಿತು. ಸಂಸ್ಥಾನದ ಬೊಕ್ಕಸಕ್ಕೆ ಪೆಟ್ಟು ಬಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಇಲ್ಲೇ ಭಟ್ಟಿ ಇಳಿಸುವ ಕ್ರಮವನ್ನು ಹೊಂದಿಸಿಕೊಟ್ಟರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ; 1916ರಲ್ಲಿ ಸರ್ಕಾರವೇ ಗಂಧದೆಣ್ಣೆ ತಯಾರಿಕೆಗೆ ಇಳಿಯಿತು.

ಇದು ಅವಸರದ ಕೆಲಸವಲ್ಲ. ಎಣ್ಣೆ ಇರುವುದು ಮರದ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹೊರಗಿನ ಬಿಳಿಮರದಲ್ಲಿ ಅದರ ಸುಳಿವಿಲ್ಲ. ಚೇಗನ್ನು ಪುಡಿ ಮಾಡಿ ಉಗಿ ಹಾಯಿಸಿದರೆ ಹಗುರವಾದ ಸ್ಯಾಂಟಲೀನ್‌ಗಳು ಮೊದಲು ಬರುತ್ತವೆ. ಪರಿಮಳದ ಜೀವಾಳವಾದ ಸ್ಯಾಂಟಲಾಲ್‌ಗಳು ಭಾರವಾದವು, ನಿಧಾನವಾಗಿ ಇಳಿಯುತ್ತವೆ. ಸೌದೆ ಉಳಿಸಲು ಬೇಗ ಭಟ್ಟಿ ಆರಿಸಿದರೆ ಮರ ಶುದ್ಧವಾಗಿದ್ದರೂ ಎಣ್ಣೆ ಸಪ್ಪೆ.

ಆದರೆ ಕೊಳ್ಳುವವನಿಗೆ ಇದು ತಿಳಿಯುವುದು ಹೇಗೆ? ಹಳೆಯ ಪರೀಕ್ಷೆಗಳು ಸರಳವಾಗಿದ್ದವು: ಸಾಂದ್ರತೆ, ಬೆಳಕನ್ನು ತಿರುಗಿಸುವ ಗುಣ, ಮದ್ಯಸಾರದಲ್ಲಿ ಕರಗುವಿಕೆ. ಒಂದು ಪಾಲು ಒಳ್ಳೆಯ ಗಂಧದೆಣ್ಣೆ ಐದು ಪಾಲು 70% ಮದ್ಯಸಾರದಲ್ಲಿ ತಿಳಿಯಾಗಿ ಕರಗಬೇಕು. ಹರಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬೆರೆಸಿದ್ದರೆ ದ್ರಾವಣ ಮಬ್ಬಾಗುತ್ತದೆ. ಅಂದಿನ ಕಲಬೆರಕೆಗೆ ಅಷ್ಟು ಸಾಕಿತ್ತು.

ಮುಖ್ಯ ಮಾನದಂಡ ಮಾತ್ರ ಬೇರೆಯದು. ಅಸಿಟಿಕ್ ಅನ್‌ಹೈಡ್ರೈಡ್ ಜೊತೆ ಎಣ್ಣೆಯನ್ನು ಕುದಿಸಿದರೆ ಅದರಲ್ಲಿರುವ ಆಲ್ಕೊಹಾಲ್‌ಗಳು ಎಸ್ಟರ್‌ಗಳಾಗುತ್ತವೆ. ಆ ಎಸ್ಟರ್‌ಗಳನ್ನು ಒಡೆಯಲು ಖರ್ಚಾದ ಕ್ಷಾರದಿಂದ ಸ್ಯಾಂಟಲಾಲ್ ಎಷ್ಟೆಂದು ಲೆಕ್ಕ ಹಾಕುತ್ತಿದ್ದರು. ಕನಿಷ್ಠ 90% ಇರಬೇಕೆಂಬುದು ಹಲವು ದಶಕಗಳ ನಿಯಮ. ಇದರಲ್ಲೊಂದು ದೊಡ್ಡ ತೊಡಕಿತ್ತು. ಮದುವೆ ಪಂಕ್ತಿಯಲ್ಲಿ ಕೂತವರನ್ನೆಲ್ಲ ನೆಂಟರೆಂದು ಎಣಿಸಿದಂತೆ, ಈ ವಿಧಾನ ಯಾವ ಆಲ್ಕೊಹಾಲ್ ಸಿಕ್ಕಿದರೂ ಸ್ಯಾಂಟಲಾಲ್ ಎಂದೇ ಬರೆದುಕೊಳ್ಳುತ್ತಿತ್ತು.

1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಅನಿಲ ಕ್ರೊಮ್ಯಾಟೊಗ್ರಫಿಯನ್ನು ಪ್ರಕಟಿಸಿದ ಮೇಲೆ ಸಾರತೈಲಗಳ ರಸಾಯನಶಾಸ್ತ್ರದ ಸ್ವರೂಪವೇ ಬದಲಾಯಿತು. ಒಟ್ಟಾರೆ ಮೊತ್ತದ ಬದಲು ಒಂದೊಂದು ಅಣುವಿನ ಪಾಲು ಬೇರೆಬೇರೆಯಾಗಿ ಕಾಗದದ ಮೇಲೆ ಮೂಡತೊಡಗಿತು. 2002ರ ಐಎಸ್ಒ ಮಾನದಂಡ ಆಲ್ಫಾ ಸ್ಯಾಂಟಲಾಲ್‌ಗೆ 41ರಿಂದ 55%, ಬೀಟಾ ಸ್ಯಾಂಟಲಾಲ್‌ಗೆ 16ರಿಂದ 24% ಎಂದು ಮಿತಿ ಹಾಕಿತು. 2004ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು ಮಾರುಕಟ್ಟೆಯ ಎಣ್ಣೆಗಳನ್ನು ಹೀಗೆ ಬಿಡಿಸಿ ನೋಡಿದಾಗ ಒಂದರಲ್ಲೂ ಸ್ಯಾಂಟಲಾಲ್ 90% ಮುಟ್ಟಲಿಲ್ಲ. ಹಳೆಯ ಅಂಕಿಯೇ ಉಬ್ಬಿಕೊಂಡಿತ್ತು ಎಂಬುದು ಈ ಕ್ಷೇತ್ರದ ಅತಿ ಮುಖ್ಯ ಪಾಠಗಳಲ್ಲೊಂದು.

ಆಲ್ಫಾ, ಬೀಟಾ ಎಂಬ ಈ ಎರಡು ಐಸೋಮರ್‌ಗಳನ್ನು ಬೇರೆಯಾಗಿ ಅಳೆಯುವುದಕ್ಕೆ ಮೂಗಿನ ಸಮರ್ಥನೆಯೂ ಇದೆ. ಆಲ್ಫಾದ ಪಾಲು ದೊಡ್ಡದಾದರೂ ಗಂಧದ ಆ ಹಾಲಿನಂಥ, ಬೆಚ್ಚನೆಯ ವಾಸನೆಗೆ ಹೆಚ್ಚು ಕಾರಣ ಬೀಟಾ. ಆಸ್ಟ್ರೇಲಿಯಾದ ಸ್ಥಳೀಯ ಗಂಧದ ಎಣ್ಣೆಯಲ್ಲಿ ಸ್ಯಾಂಟಲಾಲ್ ಕಡಿಮೆ, ಫಾರ್ನೆಸಾಲ್ ಎದ್ದು ಕಾಣುತ್ತದೆ; ಅದಕ್ಕೆ ಪ್ರತ್ಯೇಕ ಮಾನದಂಡವೇ ಇದೆ. ನಮ್ಮದೇ ಜಾತಿಯ ಶ್ರೀಗಂಧವನ್ನೂ ಅಲ್ಲಿ ತೋಟ ಮಾಡಿ ಬೆಳೆಯುತ್ತಿದ್ದಾರೆ.

ಇತ್ತ ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿ ಜಮೀನಿನ ಮಾಲೀಕನಿಗೆ ತನ್ನ ಗಂಧದ ಮರದ ಒಡೆತನ ಕೊಟ್ಟಿತು. ರೈತರು ಸಸಿ ನೆಟ್ಟರು, ಕಳ್ಳರ ಭಯವೂ ಜೊತೆಗೇ ಬಂತು. ಕಾಯಲಾರದೆ ಎಳೆಯದರಲ್ಲೇ ಕಡಿದರೆ ಚೇಗು ಕೂಡಿರುವುದಿಲ್ಲ. ಹಾಗಾಗಿ ಎಣ್ಣೆಯ ಗುಣಮಟ್ಟದ ಚರ್ಚೆ ಪ್ರಯೋಗಾಲಯದಲ್ಲಿ ಅಲ್ಲ, ಹೊಲದ ಬೇಲಿಯಲ್ಲಿ ಶುರುವಾಗಬೇಕು.

ಕಲಬೆರಕೆ ಪತ್ತೆ ಮಾಡುವವರ ಈಗಿನ ಸವಾಲು ಇನ್ನೂ ಸೂಕ್ಷ್ಮ: ಮಾರ್ಪಡಿಸಿದ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಹುದುಗಿಸಿ ಸ್ಯಾಂಟಲಾಲ್ ತಯಾರಿಸುತ್ತಿವೆ. ಸಕ್ಕರೆ ಕಬ್ಬಿನದೋ ಜೋಳದ್ದೋ ಆಗಿದ್ದರೆ ಇಂಗಾಲದ ಐಸೊಟೋಪ್ ಅನುಪಾತ ಗುಟ್ಟು ಬಿಟ್ಟುಕೊಡುತ್ತದೆ. ಬೀಟ್‌ ಸಕ್ಕರೆಯಾದರೆ ಆ ಗುರುತು ಸಿಗದು. ಆಗ ವಿಶ್ಲೇಷಕರು ಹುಡುಕಬೇಕಾದದ್ದು ಮರದ ಎಣ್ಣೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ನ್ಯೂಸಿಫೆರಾಲ್, ಲ್ಯಾನ್ಸಿಯಾಲ್‌ನಂಥ ಜೊತೆಗಾರರನ್ನು.